ಒಂದು ಬೊಬ್ಬೆ, ಒಂದು ವಾರ: ಅಧ್ಯಕ್ಷರ ಮಗನಿಗೆ ಏನಾಯ್ತು?

📌 ಭಾಗ 1/10

ಹೊಸ ಶೂ ಹಾಕ್ಕೊಂಡು ಹೋದ ಮೊದಲ ದಿನ ಹಿಮ್ಮಡಿಯಲ್ಲಿ ಬೊಬ್ಬೆ ಏಳದೇ ಇರೋರು ನಮ್ಮ ಕ್ಲಾಸಲ್ಲಿ ಯಾರಾದ್ರೂ ಇದ್ದೀರಾ? ಕೆಲವರು ಗುಳ್ಳೆ ಅಂತೀರಿ, ಕೆಲವರು ಬೊಕ್ಕೆ ಅಂತೀರಿ. "ಚಪ್ಪಲಿ ಕಚ್ಚಿದೆ" ಅಂದ್ರೆ ಸಾಕು, ಎಲ್ಲರಿಗೂ ಅರ್ಥ ಆಗತ್ತೆ. ಎರಡು ದಿನ ಕುಂಟ್ತೀವಿ, ನಾಲ್ಕನೇ ದಿನ ಮರೆತೇಬಿಡ್ತೀವಿ.

1924ರಲ್ಲಿ ಇಂಥದ್ದೇ ಒಂದು ಬೊಬ್ಬೆಯಿಂದ 16 ವರ್ಷದ ಹುಡುಗನೊಬ್ಬ ಒಂದೇ ವಾರದಲ್ಲಿ ತೀರಿಕೊಂಡ. ಅವನು ಬಡವ ಅಲ್ಲ, ಆಸ್ಪತ್ರೆ ದೂರ ಇತ್ತು ಅಂತಾನೂ ಅಲ್ಲ. ಅವನಿದ್ದ ಮನೆ ವಾಷಿಂಗ್ಟನ್‌ನ ವೈಟ್ ಹೌಸ್. ಅವನ ಅಪ್ಪ ಆಗಿನ ಅಮೆರಿಕದ ಅಧ್ಯಕ್ಷ.

ದೇಶದ ದೊಡ್ಡ ದೊಡ್ಡ ಡಾಕ್ಟರ್‌ಗಳು ಹಾಸಿಗೆ ಪಕ್ಕದಲ್ಲೇ ಇದ್ರು. ಆದರೂ ಯಾಕೆ ಉಳಿಸೋಕೆ ಆಗಲಿಲ್ಲ? ಇವತ್ತು ನಾವು ಅದೇ ಬೊಬ್ಬೆಗೆ ಒಂದು ಪಟ್ಟಿ ಅಂಟಿಸಿ ಆಟಕ್ಕೆ ಹೋಗ್ತೀವಲ್ಲ, ಆ ಧೈರ್ಯ ನಮಗೆ ಎಲ್ಲಿಂದ ಬಂತು? ಈ ಸರಣಿ ಪೂರ್ತಿ ಅದರ ಕಥೆ. ಸ್ವಲ್ಪ ಉದ್ದ ಇದೆ, ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ. ಕೊನೇ ಭಾಗದಲ್ಲಿ ಬೊಬ್ಬೆ ಬಂದ್ರೆ ಏನು ಮಾಡಬೇಕು ಅನ್ನೋದೂ ಇದೆ. 👇

📌 ಭಾಗ 2/10: ತಂಬಾಕು ಹೊಲದ ಹುಡುಗ

ಹುಡುಗನ ಹೆಸರು ಕ್ಯಾಲ್ವಿನ್ ಕೂಲಿಡ್ಜ್ ಜೂನಿಯರ್. ಹುಟ್ಟಿದ್ದು 1908ರ ಏಪ್ರಿಲ್ 13ರಂದು. ಅಣ್ಣ ಜಾನ್. ಅಪ್ಪನ ಹೆಸರೂ ಕ್ಯಾಲ್ವಿನ್ ಕೂಲಿಡ್ಜ್. ಅವರು ಉಪಾಧ್ಯಕ್ಷರಾಗಿದ್ದವರು. 1923ರ ಆಗಸ್ಟ್‌ನಲ್ಲಿ ಅಧ್ಯಕ್ಷ ವಾರನ್ ಹಾರ್ಡಿಂಗ್ ಹಠಾತ್ತಾಗಿ ತೀರಿಕೊಂಡಾಗ ಆ ಕುರ್ಚಿಗೆ ಬಂದ್ರು.

ಅಪ್ಪ ಅಧ್ಯಕ್ಷ ಆದ ಹೊತ್ತಿನಲ್ಲಿ ಮಗ ಏನು ಮಾಡ್ತಿದ್ದ ಗೊತ್ತಾ? ರಜೆ ಇತ್ತು, ಮ್ಯಾಸಚೂಸೆಟ್ಸ್‌ನ ಒಂದು ತಂಬಾಕು ಹೊಲದಲ್ಲಿ ಕೂಲಿ ಕೆಲಸ ಮಾಡ್ತಿದ್ದ. ಜೊತೆಗಿದ್ದ ಹುಡುಗ ತಮಾಷೆ ಮಾಡಿದನಂತೆ: ನಮ್ಮಪ್ಪ ಅಧ್ಯಕ್ಷ ಆಗಿದ್ರೆ ನಾನಂತೂ ಇಲ್ಲಿ ದುಡೀತಿರಲಿಲ್ಲ ಅಂತ. ಅದಕ್ಕೆ ಕ್ಯಾಲ್ವಿನ್, ನಮ್ಮಪ್ಪ ನಿಮ್ಮಪ್ಪ ಆಗಿದ್ರೆ ನೀನೂ ದುಡೀತಿದ್ದೆ ಅನ್ನೋ ಅರ್ಥದಲ್ಲಿ ಉತ್ತರ ಕೊಟ್ಟ. ಇದನ್ನ ಅಪ್ಪನೇ ಮುಂದೆ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

1924ರ ಜೂನ್ 30, ಸೋಮವಾರ. ಶಾಲೆಗೆ ರಜೆ. ಅಣ್ಣ ತಮ್ಮ ಇಬ್ಬರೂ ವೈಟ್ ಹೌಸ್ ಅಂಗಳದ ಟೆನ್ನಿಸ್ ಕೋರ್ಟ್‌ಗೆ ಇಳಿದ್ರು. ಕ್ಯಾಲ್ವಿನ್ ಶೂ ಹಾಕ್ಕೊಂಡ, ಸಾಕ್ಸ್ ಹಾಕ್ಕೊಳ್ಳಲಿಲ್ಲ. ನಾವೂ ಎಷ್ಟೋ ಸಲ ಹೀಗೇ ಓಡ್ತೀವಿ. ಆಟ ಮುಗಿಯೋ ಹೊತ್ತಿಗೆ ಕಾಲ್ಬೆರಳಿನ ಮೇಲೆ ಒಂದು ಬೊಬ್ಬೆ ಎದ್ದಿತ್ತು. ಹದಿನಾರರ ಹುಡುಗ, ಅದನ್ನ ದೊಡ್ಡ ವಿಷಯ ಅಂದ್ಕೊಳ್ಳಲಿಲ್ಲ.

📌 ಭಾಗ 3/10: ಏಳು ದಿನ

ಎರಡೇ ದಿನದಲ್ಲಿ ಜ್ವರ ಬಂತು. ಡಾಕ್ಟರ್ ನೋಡಿದಾಗ ಕಾಲಿನ ಮೇಲೆ ಕೆಂಪು ಗೆರೆಗಳು ಏರ್ತಿದ್ವು. ನಮ್ಮ ಕಡೆ ಹಿರಿಯರು "ನಂಜೇರ್ತಿದೆ" ಅಂತಾರಲ್ಲ, ಅದೇ. ಸೋಂಕು ಬೊಬ್ಬೆಯ ಜಾಗ ಬಿಟ್ಟು ದುಗ್ಧನಾಳಗಳ ದಾರಿ ಹಿಡಿದು ಮೇಲೆ ಹೋಗ್ತಿದೆ ಅನ್ನೋದರ ಗುರುತು.

ರಕ್ತ ಪರೀಕ್ಷೆ ಮಾಡಿದ್ರು. ಅದರಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಅನ್ನೋ ಬ್ಯಾಕ್ಟೀರಿಯಾ ಸಿಕ್ತು. ಜುಲೈ 4 ಅಮೆರಿಕದ ಸ್ವಾತಂತ್ರ್ಯ ದಿನ, ಕೂಲಿಡ್ಜ್ ಅವರ ಹುಟ್ಟುಹಬ್ಬ ಕೂಡ ಅವತ್ತೇ. ಆ ದಿನ ಅವರಿಗೆ 52 ತುಂಬಿತು. ಮರುದಿನ ಮಗನನ್ನ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಗೆ ಸೇರಿಸಿದ್ರು.

ಮಗ ಹಾಸಿಗೆ ಹಿಡಿದಿದ್ದಾಗ ಅಧ್ಯಕ್ಷರು ತೋಟಕ್ಕೆ ಹೋಗಿ ಒಂದು ಪುಟ್ಟ ಮೊಲ ಹಿಡ್ಕೊಂಡು ಬಂದು ಅವನಿಗೆ ತೋರಿಸಿದ್ರಂತೆ. ದೇಶ ಆಳೋ ಮನುಷ್ಯನ ಕೈಲಿ ಆಗಿದ್ದು ಅಷ್ಟೇ.

ಜುಲೈ 7ರ ರಾತ್ರಿ ಕ್ಯಾಲ್ವಿನ್ ತೀರಿಕೊಂಡ. ಆಗ ನ್ಯೂಯಾರ್ಕ್‌ನಲ್ಲಿ ಎದುರು ಪಕ್ಷವಾದ ಡೆಮಾಕ್ರಟಿಕ್ ಪಕ್ಷದ ಸಮಾವೇಶ ನಡೀತಿತ್ತು. ಸುದ್ದಿ ತಿಳಿದು ಅವರೂ ಕಲಾಪ ನಿಲ್ಲಿಸಿದ್ರು. ಆ ಸಮಾವೇಶದಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅನ್ನೋ ನಾಯಕನೂ ಭಾಷಣ ಮಾಡಿದ್ದ. ಈ ಹೆಸರು ನೆನಪಿಟ್ಕೊಳ್ಳಿ, ಏಳನೇ ಭಾಗದಲ್ಲಿ ಮತ್ತೆ ಬರತ್ತೆ.

ನವೆಂಬರ್‌ನಲ್ಲಿ ಕೂಲಿಡ್ಜ್ ಚುನಾವಣೆ ಗೆದ್ರು. ಆದರೆ ಅಧಿಕಾರದ ಸಂತೋಷ ಎಲ್ಲ ಮಗನ ಜೊತೆಗೇ ಹೋಯ್ತು ಅಂತ ಅವರೇ ಆತ್ಮಕಥೆಯಲ್ಲಿ ಹೇಳ್ಕೊಂಡಿದ್ದಾರೆ. ನನ್ನನ್ನ ಗುಣ ಮಾಡಿ ಅಂತ ಮಗ ಕೇಳ್ತಿದ್ದದ್ದು, ತಮ್ಮ ಕೈಲಿ ಆಗದೇ ಹೋದದ್ದು ಅವರನ್ನ ಕೊನೆವರೆಗೂ ಕಾಡಿತು.

📌 ಭಾಗ 4/10: ಬೊಬ್ಬೆ ಅಂದ್ರೆ ಏನು?

ಇಲ್ಲಿ ಸ್ವಲ್ಪ ವಿಜ್ಞಾನ. ಬೋರ್ ಆಗಲ್ಲ, ಬನ್ನಿ.

ಒಂದು ದಪ್ಪ ನೋಟ್‌ಬುಕ್ ಮೇಜಿನ ಮೇಲಿಡಿ. ಮೇಲೆ ಅಂಗೈ ಒತ್ತಿ ಪಕ್ಕಕ್ಕೆ ತಳ್ಳಿ. ಮೇಲಿನ ಹಾಳೆಗಳು ಕೈ ಜೊತೆ ಸರಿಯತ್ತೆ, ಕೆಳಗಿನವು ಅಲ್ಲೇ ಉಳಿಯತ್ತೆ, ಮಧ್ಯದ ಹಾಳೆಗಳು ಎಳೆದಾಡತ್ತೆ. ನಡೆಯುವಾಗ ಕಾಲಿನ ಚರ್ಮಕ್ಕೂ ಹೀಗೇ ಆಗತ್ತೆ. ಹೊರಚರ್ಮ ಶೂಗೆ ಅಂಟಿಕೊಂಡಿರತ್ತೆ, ಒಳಗೆ ಮೂಳೆ ಹಿಂದೆ ಮುಂದೆ ಹೋಗ್ತಾ ಇರತ್ತೆ. ಸಾವಿರಾರು ಹೆಜ್ಜೆ ಆದ ಮೇಲೆ ಮಧ್ಯದ ಪದರ ಹರಿಯತ್ತೆ. ಆ ಸಂದಿನಲ್ಲಿ ನೀರು ತುಂಬಿಕೊಳ್ಳತ್ತೆ. ಮೇಲಿನ ಪದರ ಹಾಗೇ ಚಾವಣಿ ಥರ ಉಳಿಯತ್ತೆ. ಇದೇ ಬೊಬ್ಬೆ.

ಅಂಗೈ, ಅಂಗಾಲಿನಲ್ಲೇ ಇದು ಜಾಸ್ತಿ ಯಾಕೆ? ಅಲ್ಲಿ ಮೇಲ್ಪದರ ದಪ್ಪ, ಬಿಗಿ. ಬೇರೆ ಕಡೆ ಉಜ್ಜಿದ್ರೆ ಚರ್ಮ ತರಚಿ ಹೋಗತ್ತೆ. ಇಲ್ಲಿ ಚಾವಣಿ ಗಟ್ಟಿ, ಅದಕ್ಕೇ ಗುಳ್ಳೆ ನಿಲ್ಲತ್ತೆ. ಗುದ್ದಲಿ ಹಿಡಿದವರ ಕೈ, ಇಡೀ ದಿನ ಬ್ಯಾಟ್ ಹಿಡಿದವರ ಕೈ ನೋಡಿ, ಗೊತ್ತಾಗತ್ತೆ.

ಬೆವರು ಇದ್ರೆ ಇನ್ನೂ ಕಷ್ಟ. ಒಣ ಚರ್ಮಕ್ಕಿಂತ ತೇವದ ಚರ್ಮ ಹೆಚ್ಚು ಅಂಟ್ಕೊಳ್ಳತ್ತೆ ಅನ್ನೋದು 1950ರ ದಶಕದ ಪ್ರಯೋಗಗಳಲ್ಲೇ ತೋರಿತ್ತು. ಸಾಕ್ಸ್ ಮಾಡೋ ಕೆಲಸ ಇಲ್ಲೇ ಇರೋದು: ಬೆವರು ಹೀರ್ಕೊಳ್ಳತ್ತೆ, ಚರ್ಮದ ಪದರಗಳ ನಡುವೆ ಆಗಬೇಕಾದ ಜಾರಾಟವನ್ನ ಬಟ್ಟೆ ಮತ್ತು ಶೂ ನಡುವೆ ಆಗೋ ಹಾಗೆ ಮಾಡತ್ತೆ.

ಚಾವಣಿ ಕಿತ್ತುಹೋದ್ರೆ ಬಾಗಿಲು ತೆರೆದ ಹಾಗೆ. ಸುಮಾರು ಮೂವರಲ್ಲಿ ಒಬ್ಬರ ಮೂಗಿನೊಳಗೆ ಸ್ಟ್ಯಾಫ್ ಆರಿಯಸ್ ಸುಮ್ಮನೆ ವಾಸ ಮಾಡ್ತಿರತ್ತೆ, ಯಾವ ತೊಂದರೇನೂ ಕೊಡಲ್ಲ. ಗಾಯದೊಳಗೆ ಇಳಿದಾಗಲೇ ಅದರ ಇನ್ನೊಂದು ಮುಖ ಕಾಣೋದು. 1924ರಲ್ಲೂ ಬಹುಪಾಲು ಬೊಬ್ಬೆಗಳು ತಾವಾಗೇ ವಾಸಿಯಾಗ್ತಿದ್ವು. ಆಗದೇ ಇದ್ದ ಒಂದಕ್ಕೆ ಮಾತ್ರ ಯಾರ ಹತ್ರಾನೂ ಉತ್ತರ ಇರಲಿಲ್ಲ.

📌 ಭಾಗ 5/10: ಸೈನ್ಯಕ್ಕೆ ಮೊದಲೇ ಗೊತ್ತಿತ್ತು

ಕಾಲಿನ ಬೊಬ್ಬೆಯನ್ನ ಮೊದಲಿಂದಲೂ ಸೀರಿಯಸ್ಸಾಗಿ ತಗೊಂಡವರು ಸೈನಿಕರು. ರೈಲು, ಲಾರಿ ಬರೋ ಮುಂಚೆ ಯುದ್ಧ ಅಂದ್ರೆ ನಡಿಗೆ. ಕುಂಟೋ ಸೈನಿಕ ಗಾಯಗೊಂಡ ಸೈನಿಕನಷ್ಟೇ ಹೊರೆ.

ಎಡ್ವರ್ಡ್ ಮನ್ಸನ್ ಅಂತ ಅಮೆರಿಕದ ಒಬ್ಬ ಸೇನಾ ವೈದ್ಯ. 1912ರಲ್ಲಿ ಸೈನಿಕನ ಕಾಲು ಮತ್ತು ಶೂ ಬಗ್ಗೆ ಒಂದು ಇಡೀ ಪುಸ್ತಕಾನೇ ಬರೆದ್ರು. ಬೂಟುಗಳು ಕಾಲಿನ ಆಕಾರಕ್ಕೆ ಇರದೇ ಫ್ಯಾಷನ್ ಆಕಾರಕ್ಕೆ, ಮುಂದೆ ಚೂಪಾಗಿ ಇರ್ತವೆ ಅನ್ನೋದು ಅವರ ತಕರಾರು. ಹೊರೆ ಹೊತ್ತಾಗ ಪಾದ ಉದ್ದಕ್ಕೂ ಅಗಲಕ್ಕೂ ಹಿಗ್ಗತ್ತೆ. ಅದಕ್ಕೆ 40 ಪೌಂಡ್, ಅಂದ್ರೆ ಸುಮಾರು 18 ಕಿಲೋ ಹೊರೆ ಹೊರಿಸಿ ನಿಲ್ಲಿಸಿ ಅಳತೆ ತಗೊಳ್ಳೋ ಪದ್ಧತಿ ಬಂತು. ಬೂಟು ಸರಿ ಹೊಂದತ್ತಾ ಅಂತ ನೋಡೋ ಜವಾಬ್ದಾರಿ ಅಧಿಕಾರಿಯ ಮೇಲೇ ಬಿತ್ತು.

ರಷ್ಯಾದಲ್ಲಿ ಬೇರೆ ದಾರಿ. ಅಲ್ಲಿನ ಸೈನಿಕರು ಸಾಕ್ಸ್ ಬದಲು "ಪೊರ್ತ್ಯಾಂಕಿ" ಅನ್ನೋ ಬಟ್ಟೆಯ ತುಂಡನ್ನ ಪಾದಕ್ಕೆ ಸುತ್ಕೊಳ್ತಿದ್ರು. ಅಗ್ಗ, ಬೇಗ ಒಣಗತ್ತೆ, ಒದ್ದೆ ಆದ್ರೆ ತಿರುಗಿಸಿ ಸುತ್ಕೋಬಹುದು. ಆದರೆ ಒಂದು ಮಡಿಕೆ ತಪ್ಪಾಗಿ ಬಿದ್ರೂ ಸಂಜೆಗೆ ಬೊಬ್ಬೆ ಗ್ಯಾರಂಟಿ. ಇದು ಯಾವಾಗಿನ ಕಥೆ ಅಂದ್ಕೋಬೇಡಿ. ಇದನ್ನ ಪೂರ್ತಿ ಬಿಟ್ಟು ಸಾಕ್ಸ್‌ಗೆ ಬದಲಾಗಬೇಕು ಅಂತ ಅಲ್ಲಿನ ರಕ್ಷಣಾ ಸಚಿವ ಹೇಳಿದ್ದು 2013ರಲ್ಲಿ!

ಯಾವ ಸೈನ್ಯವೇ ಇರಲಿ, ಲೆಕ್ಕ ಒಂದೇ. ಬೊಬ್ಬೆ ಬಂದ ಮೇಲೆ ಮಾಡೋಕೆ ಹೆಚ್ಚೇನೂ ಇರಲಿಲ್ಲ. ಅದಕ್ಕೇ ಬರದ ಹಾಗೆ ನೋಡ್ಕೊಳ್ಳೋದೇ ಔಷಧ ಆಗಿತ್ತು.

📌 ಭಾಗ 6/10: ದಂಡಿಯ ದಾರಿಯಲ್ಲಿ

ಕ್ಯಾಲ್ವಿನ್ ತೀರಿಕೊಂಡು ಆರು ವರ್ಷ ಆಗಿರಲಿಲ್ಲ. ಔಷಧದ ವಿಷಯದಲ್ಲಿ ಪ್ರಪಂಚ ಇನ್ನೂ ಹಾಗೇ ಇತ್ತು. ಆಗ ನಮ್ಮ ದೇಶದಲ್ಲಿ ಒಂದು ದೊಡ್ಡ ನಡಿಗೆ ಶುರುವಾಯ್ತು.

1930ರ ಮಾರ್ಚ್ 12ಕ್ಕೆ ಗಾಂಧೀಜಿ 78 ಜನರ ಜೊತೆ ಸಾಬರಮತಿಯಿಂದ ಹೊರಟ್ರು. ಏಪ್ರಿಲ್ 5ಕ್ಕೆ ದಂಡಿ ತಲುಪಿದ್ರು. ಸುಮಾರು 385 ಕಿ.ಮೀ. ಗಾಂಧೀಜಿಗೆ ಆಗ ವಯಸ್ಸು 60 ದಾಟಿತ್ತು. ಅವರಿಗೋಸ್ಕರ ಒಂದು ಕುದುರೆ ಜೊತೆಗಿತ್ತು, ಆದರೆ ಹತ್ತಲೇ ಇಲ್ಲ. ಜೊತೆಗಿದ್ದ ಹಲವರ ಕಾಲು ಮಾತ್ರ ಸೋತುಹೋಯ್ತು, ಎತ್ತಿನ ಗಾಡಿ ಹತ್ತಬೇಕಾಯ್ತು. ಪಠ್ಯಪುಸ್ತಕದಲ್ಲಿ "ದಂಡಿಯಾತ್ರೆ" ಅಂತ ಒಂದು ಸಾಲು ಓದಿ ಮುಂದೆ ಹೋಗ್ತೀವಿ. ಆ ಸಾಲಿನ ಹಿಂದೆ ಇಷ್ಟೊಂದು ಕಾಲುಗಳಿವೆ.

ಆ ತಂಡದಲ್ಲಿ ನಮ್ಮವರೂ ಒಬ್ಬರಿದ್ರು. ಇವತ್ತಿನ ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ. ವಯಸ್ಸು 18. ಅಂದ್ರೆ ನಮ್ಮದೇ ವಯಸ್ಸು! ದಿನಾ ಬಿಸಿಲಲ್ಲಿ ನಡಿಗೆ, ದಿನಾ ಹೊಸ ಊರು. ಮುಂದೆ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಅವರು ಹುತಾತ್ಮರಾದ್ರು.

ಕಾಲಿನ ಗಾಯ ನಂಜಾದ್ರೆ ವೈಟ್ ಹೌಸ್‌ನಲ್ಲೂ ಮದ್ದಿಲ್ಲ, ಗುಜರಾತಿನ ಹಳ್ಳಿ ದಾರಿಯಲ್ಲೂ ಮದ್ದಿಲ್ಲ ಅನ್ನೋ ಕಾಲದಲ್ಲಿ ಅವರೆಲ್ಲ ನಡೆದದ್ದು.

📌 ಭಾಗ 7/10: ಇನ್ನಿಬ್ಬರು ಅಪ್ಪಂದಿರು

1932ರ ಹೊತ್ತಿಗೆ ಜರ್ಮನಿಯಲ್ಲಿ ಗೆರ್‌ಹಾರ್ಡ್ ಡೊಮಾಕ್ ಅನ್ನೋ ವಿಜ್ಞಾನಿ ಬಣ್ಣಗಳನ್ನ ಪರೀಕ್ಷೆ ಮಾಡ್ತಿದ್ರು. ಬಟ್ಟೆಗೆ ಹಾಕೋ ಥರದ ಬಣ್ಣಗಳು. ಅದರಲ್ಲಿ ಒಂದು ಕೆಂಪು ಬಣ್ಣ ಸ್ಟ್ರೆಪ್ಟೊಕಾಕಸ್ ಸೋಂಕಿಂದ ಸಾಯಬೇಕಿದ್ದ ಇಲಿಗಳನ್ನ ಉಳಿಸಿತು. ಅದರ ಹೆಸರು ಪ್ರೊಂಟೋಸಿಲ್. 1935ರ ಫೆಬ್ರವರಿಯಲ್ಲಿ ಅವರು ವರದಿ ಪ್ರಕಟಿಸಿದ್ರು.

ಅದೇ ವರ್ಷದ ಕೊನೆಯಲ್ಲಿ ಡೊಮಾಕ್ ಅವರ ಪುಟ್ಟ ಮಗಳು ಹಿಲ್ಡೆಗಾರ್ಡ್ ಕೈಗೆ ಸೂಜಿ ಚುಚ್ಚಿಕೊಂಡಳು. ಗಾಯ ನಂಜಾಗಿ ಏರತೊಡಗಿತು. ತೋಳನ್ನೇ ಕತ್ತರಿಸಬೇಕಾಗಬಹುದು ಅನ್ನೋ ಸ್ಥಿತಿ. ಅಪ್ಪ ತಾನು ಕಂಡುಹಿಡಿದ ಔಷಧಾನೇ ಕೊಟ್ರು. ತೋಳೂ ಉಳಿಯಿತು, ಮಗಳೂ ಉಳಿದಳು.

1936ರ ಡಿಸೆಂಬರ್. ನೆನಪಿಟ್ಕೊಳ್ಳಿ ಅಂದಿದ್ನಲ್ಲ, ಆ ಫ್ರಾಂಕ್ಲಿನ್ ರೂಸ್‌ವೆಲ್ಟ್ ಈಗ ಅಮೆರಿಕದ ಅಧ್ಯಕ್ಷ. ಅವರ 22 ವರ್ಷದ ಮಗ ಫ್ರಾಂಕ್ಲಿನ್ ಜೂನಿಯರ್ ಬೋಸ್ಟನ್ ಆಸ್ಪತ್ರೆಯಲ್ಲಿ ಗಂಟಲು, ಸೈನಸ್ ಸೋಂಕಿನಿಂದ ಮಲಗಿದ್ದ. ಅವನಿಗೂ ಪ್ರೊಂಟೋಸಿಲ್ ಕೊಟ್ರು. ಹುಷಾರಾದ. ಮರುದಿನಗಳಲ್ಲಿ ಪತ್ರಿಕೆಗಳ ತುಂಬ ಅದೇ ಸುದ್ದಿ. ಅಮೆರಿಕದಲ್ಲಿ ಈ ಸಲ್ಫಾ ಔಷಧಗಳು ಮನೆಮಾತಾದದ್ದು ಆಗಲೇ.

ಇಬ್ಬರು ಅಧ್ಯಕ್ಷರು, ಇಬ್ಬರು ಗಂಡುಮಕ್ಕಳು, ನಡುವೆ 12 ವರ್ಷ. ಕೂಲಿಡ್ಜ್ 1933ರ ಜನವರಿಯಲ್ಲೇ ತೀರಿಕೊಂಡಿದ್ರು. ಈ ಸುದ್ದಿ ಓದೋಕೆ ಅವರು ಇರಲಿಲ್ಲ.

📌 ಭಾಗ 8/10: ಬೂಷ್ಟು ಬಿದ್ದ ತಟ್ಟೆ

ಸಲ್ಫಾ ಔಷಧ ಮುಖ್ಯವಾಗಿ ಸ್ಟ್ರೆಪ್ಟೊಕಾಕಸ್ ವಿರುದ್ಧ ಚೆನ್ನಾಗಿ ಕೆಲಸ ಮಾಡ್ತಿತ್ತು. ಕ್ಯಾಲ್ವಿನ್‌ನ ರಕ್ತದಲ್ಲಿದ್ದ ಸ್ಟ್ಯಾಫ್‌ಗೆ ಇನ್ನೂ ಗಟ್ಟಿಯಾದದ್ದು ಬೇಕಿತ್ತು. ಅದರ ಸುಳಿವು 1928ರಲ್ಲೇ ಸಿಕ್ಕಿತ್ತು.

ಲಂಡನ್‌ನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ತಟ್ಟೆಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸ್ತಿದ್ರು. ಒಂದು ತಟ್ಟೆಗೆ ಬೂಷ್ಟು ಬಿತ್ತು, ಅದರ ಸುತ್ತ ಬ್ಯಾಕ್ಟೀರಿಯಾ ಸತ್ತುಹೋಗಿತ್ತು. ಈ ಕಥೆ ನಮಗೆಲ್ಲ ಗೊತ್ತು. ಆ ತಟ್ಟೆಯಲ್ಲಿ ಬೆಳೀತಿದ್ದ ಬ್ಯಾಕ್ಟೀರಿಯಾ ಯಾವುದು ಗೊತ್ತಾ? ಸ್ಟ್ಯಾಫಿಲೊಕಾಕಸ್. ನಾಲ್ಕು ವರ್ಷದ ಹಿಂದೆ ಕ್ಯಾಲ್ವಿನ್‌ನನ್ನ ಕೊಂದದ್ದೂ ಆ ಜಾತಿಯದ್ದೇ.

ಆದರೆ ಬೂಷ್ಟಿನಿಂದ ಔಷಧ ಹೊರಗೆ ತೆಗೆಯೋಕೆ ಇನ್ನೂ ಒಂದು ದಶಕ ಬೇಕಾಯ್ತು. ಆ ಕೆಲಸ ಆಕ್ಸ್‌ಫರ್ಡ್‌ನಲ್ಲಿ ಫ್ಲೋರಿ, ಚೈನ್, ಹೀಟ್ಲಿ ಮತ್ತು ಅವರ ತಂಡ ಮಾಡಿತು. 1941ರ ಫೆಬ್ರವರಿಯಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಅನ್ನೋ ಪೊಲೀಸ್ ಪೇದೆಗೆ ಪೆನಿಸಿಲಿನ್ ಕೊಟ್ರು. ಮೈಯೆಲ್ಲ ನಂಜೇರಿದ್ದ ಮನುಷ್ಯ ಕೆಲವೇ ದಿನದಲ್ಲಿ ಚೇತರಿಸಿಕೊಂಡ, ಊಟ ಮಾಡೋಕೆ ಶುರು ಮಾಡಿದ. ಆದರೆ ಔಷಧ ಮುಗಿದುಹೋಯ್ತು! ಅವನ ಮೂತ್ರದಿಂದ ಪೆನಿಸಿಲಿನ್ ವಾಪಸ್ ತೆಗೆದು ಮತ್ತೆ ಕೊಟ್ರು. ಅದೂ ಸಾಲಲಿಲ್ಲ. ಮಾರ್ಚ್‌ನಲ್ಲಿ ಅವನು ತೀರಿಕೊಂಡ. ಮದ್ದಿದೆ ಅಂತ ಗೊತ್ತಿದ್ದೂ ಸಾಯೋದನ್ನ ನೋಡಬೇಕಾಯ್ತು.

ಮುಂದಿನ ಮೂರು ವರ್ಷದಲ್ಲಿ ಅಮೆರಿಕದ ಕಾರ್ಖಾನೆಗಳು ಅದನ್ನ ರಾಶಿ ರಾಶಿ ತಯಾರಿಸಿದ್ವು. ನಮ್ಮಲ್ಲಿ 1954ರಲ್ಲಿ ಪುಣೆ ಹತ್ತಿರದ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಶುರುವಾಯ್ತು. ಅಷ್ಟರಲ್ಲಿ ಬೊಬ್ಬೆ ಮತ್ತೆ ಸಣ್ಣ ವಿಷಯ ಆಗಿತ್ತು.

📌 ಭಾಗ 9/10: ಬೊಬ್ಬೆಯ ಮೇಲೆ ಪ್ರಯೋಗ

ಸಾವಿನ ಭಯ ಹೋದ ಮೇಲೂ ಬೊಬ್ಬೆ ಹೋಗಲಿಲ್ಲ. 1960ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚರ್ಮವೈದ್ಯ ಮೇರಿಯನ್ ಸುಲ್ಜ್‌ಬರ್ಗರ್ ಮತ್ತು ಜೊತೆಗಾರರು ಸ್ವಯಂಸೇವಕರ ಚರ್ಮ ಉಜ್ಜಿ ಉಜ್ಜಿ ಬೇಕಂತಲೇ ಬೊಬ್ಬೆ ಎಬ್ಬಿಸಿ ಅಧ್ಯಯನ ಮಾಡಿದ್ರು. ಯಾವ ಪದರ ಹರಿಯತ್ತೆ, ನೀರು ಯಾವಾಗ ತುಂಬತ್ತೆ, ಎಲ್ಲ ನೋಡಿದ್ರು.

1968ರಲ್ಲಿ ಬಂದ ಇನ್ನೊಂದು ವರದಿ ನಮಗೆ ತುಂಬ ಮುಖ್ಯ. ಮೇಲಿನ ಚರ್ಮ ಕಿತ್ತು ಹಾಕಿದ ಬೊಬ್ಬೆಗಿಂತ, ನೀರು ಮಾತ್ರ ತೆಗೆದು ಚರ್ಮವನ್ನ ಹಾಗೇ ಬಿಟ್ಟ ಬೊಬ್ಬೆ ಚೆನ್ನಾಗಿ ವಾಸಿಯಾಗತ್ತೆ, ನೋವೂ ಕಮ್ಮಿ ಅಂತ ಅದರಲ್ಲಿತ್ತು. ಅಂದ್ರೆ ನಾವು ಕೂತು ಕೂತು ಕೀಳೋ ಆ ಸಿಪ್ಪೆನೇ ನಮ್ಮ ಮೊದಲ ಬ್ಯಾಂಡೇಜ್.

ತಡೆಯೋ ಪ್ರಯೋಗಗಳೂ ನಡೆದ್ವು. 1990ರ ದಶಕದಲ್ಲಿ ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಕೆಡೆಟ್‌ಗಳಿಗೆ ಬೆವರು ತಡೆಯೋ ದ್ರಾವಣ ಕಾಲಿಗೆ ಹಚ್ಚಿಸಿ 21 ಕಿ.ಮೀ. ನಡೆಸಿದ್ರು. ಹಚ್ಚಿದವರಲ್ಲಿ 21% ಜನಕ್ಕೆ ಬೊಬ್ಬೆ, ಹಚ್ಚದವರಲ್ಲಿ 48% ಜನಕ್ಕೆ. ಸೂಪರ್ ಅಲ್ವಾ? ಆದರೆ ಹಚ್ಚಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಚರ್ಮ ತುರಿಕೆ, ಉರಿ ಬಂತು.

2014ರಲ್ಲಿ ಸುಮಾರು 250 ಕಿ.ಮೀ. ಓಡೋ 128 ಓಟಗಾರರ ಕಾಲಿಗೆ ಮೊದಲೇ ಪೇಪರ್ ಟೇಪ್ ಅಂಟಿಸಿ ನೋಡಿದ್ರು. ಟೇಪ್ ಇದ್ದ ಜಾಗದಲ್ಲಿ ಬೊಬ್ಬೆ 40% ಕಮ್ಮಿ. ಅದು ಮೆಡಿಕಲ್ ಸ್ಟೋರ್‌ನಲ್ಲಿ ಸಿಗೋ ಬಿಳಿ ಕಾಗದದ ಥರದ ಟೇಪ್. ಬೆಲೆಯೂ ಹೆಚ್ಚೇನಲ್ಲ.

📌 ಭಾಗ 10/10: ಹಾಗಾದ್ರೆ ನಾವೇನು ಮಾಡೋದು?

ಶಿವರಾತ್ರಿಗೆ ಧರ್ಮಸ್ಥಳಕ್ಕೆ, ಮಾದಪ್ಪನ ಬೆಟ್ಟಕ್ಕೆ, ಯುಗಾದಿಗೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ನಮ್ಮ ಎಷ್ಟೋ ಜನ ನಡ್ಕೊಂಡು ಹೋಗ್ತಾರೆ. ಎನ್‌ಸಿಸಿ ಕ್ಯಾಂಪ್, ಚಾರಣ, ಸ್ಪೋರ್ಟ್ಸ್ ಡೇ ನಮ್ಮದು. ಅದಕ್ಕೇ ಇದು:

👟 ಹೊಸ ಶೂ ಹಾಕ್ಕೊಂಡು ನೇರ ದೂರ ನಡಿಗೆಗೆ ಹೋಗಬೇಡಿ. ಒಂದೆರಡು ವಾರ ಸ್ವಲ್ಪ ಸ್ವಲ್ಪ ಹಾಕಿ ಪಳಗಿಸಿ. ಶೂ ಸಂಜೆ ಹೊತ್ತು ಕೊಳ್ಳಿ, ಆಗ ಪಾದ ಸ್ವಲ್ಪ ಊದಿರತ್ತೆ.
🧦 ಸಾಕ್ಸ್ ಬೇಕೇ ಬೇಕು. ಒದ್ದೆಯಾದ್ರೆ ಬದಲಾಯಿಸಿ. ಬರೀ ಹತ್ತಿಯದು ಬೆವರು ಹಿಡ್ಕೊಂಡೇ ಇರತ್ತೆ, ಸಿಂಥೆಟಿಕ್ ಅಥವಾ ಉಣ್ಣೆಯದು ಮೇಲು.
🔥 ಒಂದು ಜಾಗ ಉರಿಯೋಕೆ ಶುರುವಾದ್ರೆ ಅಲ್ಲೇ ನಿಲ್ಲಿ, ಟೇಪ್ ಅಂಟಿಸಿ. "ಇನ್ನೊಂದು ಕಿಲೋಮೀಟರ್ ತಾನೇ" ಅನ್ನಬೇಡಿ.
🩹 ಚಿಕ್ಕ ಬೊಬ್ಬೆ ಒಡೆಯಬೇಡಿ. ಮುಚ್ಚಿಡಿ, ಸಾಕು.
🪡 ದೊಡ್ಡದಾಗಿ ಕಾಲೂರೋಕೇ ಆಗದಿದ್ರೆ: ಕೈ, ಜಾಗ ಎರಡನ್ನೂ ಸೋಪಿನಲ್ಲಿ ತೊಳೆದು, ಕ್ರಿಮಿರಹಿತ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಇಳಿಸಿ. ಚರ್ಮ ಕೀಳಬೇಡಿ. ಶುಭ್ರ ಪಟ್ಟಿ ಹಾಕಿ, ದಿನಾ ಬದಲಾಯಿಸಿ. ದಾರ ಪೋಣಿಸಿ ಒಳಗೆ ಬಿಡೋ ಅಭ್ಯಾಸ ಬೇಡ, ಅದೇ ದಾರ ಹಿಡಿದು ಸೋಂಕು ಒಳಗೆ ಹೋಗಬಹುದು.
🚫 ಮನೇಲಿ ಯಾರಿಗಾದ್ರೂ ಸಕ್ಕರೆ ಕಾಯಿಲೆ ಇದ್ರೆ ಅವರ ಕಾಲಿನ ಬೊಬ್ಬೆ ನೀವು ಮುಟ್ಟಬೇಡಿ, ಡಾಕ್ಟರ್ ಹತ್ರ ಕರ್ಕೊಂಡು ಹೋಗಿ.
🚨 ಕೀವು, ಸುತ್ತ ಬಿಸಿ, ಜ್ವರ, ಮೇಲೆ ಏರೋ ಕೆಂಪು ಗೆರೆ, ಇದರಲ್ಲಿ ಯಾವುದು ಕಂಡ್ರೂ ಅವತ್ತೇ ಆಸ್ಪತ್ರೆ. ನಾಳೆ ಅಲ್ಲ.

ಇನ್ನೊಂದು ಮಾತು. ಪೆನಿಸಿಲಿನ್ ಅರೆಬರೆ ತಗೊಂಡ್ರೆ ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಹೋಗತ್ತೆ ಅಂತ ಫ್ಲೆಮಿಂಗ್ 1945ರಲ್ಲಿ, ನೊಬೆಲ್ ಪಡೆದಾಗಲೇ ಎಚ್ಚರಿಸಿದ್ರು. ಇವತ್ತು ಬಹುಪಾಲು ಸ್ಟ್ಯಾಫ್ ಆರಿಯಸ್‌ಗೆ ಹಳೇ ಪೆನಿಸಿಲಿನ್ ನಾಟಲ್ಲ. ಅದನ್ನ ಗೆಲ್ಲೋಕೆ ಬಂದ ಮೆಥಿಸಿಲಿನ್‌ಗೂ ಬಗ್ಗದ ತಳಿ 1961ರಲ್ಲೇ ಇಂಗ್ಲೆಂಡ್‌ನಲ್ಲಿ ಕಾಣಿಸ್ತು. ಅದಕ್ಕೇ ಮೆಡಿಕಲ್‌ನಲ್ಲಿ ಕೇಳಿ ಎರಡು ಮಾತ್ರೆ ನುಂಗೋದು, ಅರ್ಧಕ್ಕೆ ಬಿಡೋದು ಬೇಡ. ಕ್ಯಾಲ್ವಿನ್‌ಗೆ ಸಿಗದ ಔಷಧ ನಮಗೆ ಸಿಕ್ಕಿದೆ. ನಮ್ಮ ನಂತರದವರಿಗೂ ಅದು ಕೆಲಸ ಮಾಡಬೇಕಲ್ವಾ?

ಈ ವರ್ಷ ಪಾದಯಾತ್ರೆಗೋ ಚಾರಣಕ್ಕೋ ಹೊರಟಿರೋ ಫ್ರೆಂಡ್ ಇದ್ರೆ ಟ್ಯಾಗ್ ಮಾಡಿ. ಬೊಬ್ಬೆಗೆ ನಿಮ್ಮ ಊರಲ್ಲಿ ಏನಂತಾರೆ, ಕಮೆಂಟ್‌ನಲ್ಲಿ ಬರೀರಿ. ಮತ್ತೆ, ನಾಳೆ ಆಟಕ್ಕೆ ಸಾಕ್ಸ್ ಹಾಕ್ಕೊಂಡು ಬನ್ನಿ. 🧦

#ಇತಿಹಾಸ #ಕನ್ನಡದಲ್ಲಿಇತಿಹಾಸ #ಬೊಬ್ಬೆ #ಪಾದಯಾತ್ರೆ #ಆರೋಗ್ಯ